ಹನುಮಪ್ಪ ತಗೊಳ್ಳದೆ ಬಿಟ್ಟ ಎಳ್ಳು

ಇವತ್ತು ಶನಿವಾರ. ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ಹೆಪ್ಪು ಹಾಕಿಟ್ಟಿದ್ದ ಕ್ರೀಮನ್ನು ಕಡೆದು ಬೆಣ್ಣೆ ತೆಗೆದೆ. ಕೆಳಗಿನ ಲಾಂಡ್ರಿ ರೂಮಿಗೆ ಹೋಗಿ ಬಟ್ಟೆ ಹಾಕಿ ಬಂದೆ. ಮಗಳು ಅನಘಾಳ ತಲೆಗೆ ಎಣ್ಣೆ ಹಚ್ಚಿದೆ, ಹಚ್ಚಿದ್ದಕ್ಕೆ ಬೈಸಿಕೊಂಡೆ. ಫೋನ್ ಕಾರ್ಡಿನ ನಂಬರು ಒತ್ತಿ ಒತ್ತಿ ಊರಿನಲ್ಲಿರುವ ಅವ್ವನ ಹತ್ತಿರ ಮಾತಾಡಿದೆ. ಕರಿ ಎಳ್ಳು ಆರಿಸಿ ಹುರಿದೆ. ಕೆಳಗಿನ ಮನೆಯ ಅಜ್ಜನಿಗೆ ಸದ್ದಾಗದಿರಲಿ ಎಂದು ಕುಟ್ಟಾಣಿಯ ಅಡಿಗೆ ಟವಲ್ಲು ಮಡಚಿ ಹಾಕಿ, ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಉಂಡೆ ಕಟ್ಟಿದೆ. ಒಣಗಿದ ಬಟ್ಟೆ ತಂದು ಮಡಚಿದೆ.

ಇಷ್ಟನ್ನೂ ನಾನೇ ನಿಂತು, ಬಗ್ಗಿ, ಮೆಟ್ಟಿಲು ಹತ್ತಿ ಇಳಿದು ಮಾಡಿದೆ. ಹೋದ ವರ್ಷ ಇದೇ ಹೊತ್ತಿಗೆ ಬಟ್ಟೆಯ ಬುಟ್ಟಿ ಎತ್ತಿಕೊಂಡು ಮೇಲೆ ಬರುವುದರೊಳಗೆ ಎರಡು ಸಲ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ನಮ್ಮ ಶನಿವಾರದ ಭಜನೆಯ ಬಳಗದವರು, "ವಿಮಲಾ, ನಿಮಗಾದದ್ದನ್ನು ಬರೆದು ಕೊಡಿ" ಎಂದು ಬಹಳ ದಿನದಿಂದ ಕೇಳುತ್ತಿದ್ದಾರೆ. ನನಗೆ ಬರವಣಿಗೆ ಬಾರದು. ನಡೆದದ್ದನ್ನು ನಡೆದ ಹಾಗೆ ಹೇಳಬಲ್ಲೆ, ಅಷ್ಟೆ. ಓದುವವರಲ್ಲಿ ಯಾರ ಮನೆಯಲ್ಲಾದರೂ ನಮ್ಮ ಮನೆಯಂಥ ತುಟಿ ಇದ್ದರೆ ಅವರಿಗಾದರೂ ಇದು ಮುಟ್ಟಲಿ.

ತುಟಿಯ ವಿಷಯ ಮೊದಲು ಹೇಳಬೇಕು. ನನ್ನ ತವರು ಗದಗ. ನಮ್ಮ ಅಪ್ಪನ ಕಡೆಯ ಮಕ್ಕಳಿಗೆ ಒಂದೆರಡು ವರ್ಷ ತುಂಬುವುದರೊಳಗೆ ತುಟಿಯ ಮೇಲೆ ಕರಿ ಚುಕ್ಕೆಗಳು ಮೂಡುತ್ತವೆ. ಎಲ್ಲರಿಗೂ ಅಲ್ಲ, ಮನೆಯಲ್ಲಿ ಅರ್ಧ ಜನಕ್ಕೆ. ಕೆಲವರಿಗೆ ಬೆರಳ ತುದಿಯಲ್ಲೂ ಇರುತ್ತವೆ. ನಾವು ಅದಕ್ಕೆ ಚುಕ್ಕೆ ಅನ್ನುವುದಿಲ್ಲ, ಎಳ್ಳು ಅನ್ನುತ್ತೇವೆ. ನಮ್ಮ ಹಿರಿಯಳೊಬ್ಬಾಕಿ ಹನುಮಪ್ಪನ ನೈವೇದ್ಯಕ್ಕೆಂದು ಚಿಗಳಿ ಕುಟ್ಟುವಾಗ ಬಸುರಿಯ ಬಯಕೆ ತಡೆಯಲಾರದೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳಂತೆ, ನೈವೇದ್ಯ ಆಗುವ ಮೊದಲೇ. ಆ ಎಳ್ಳು ಅವಳ ಮಕ್ಕಳ, ಮೊಮ್ಮಕ್ಕಳ ತುಟಿಗೆ ಅಂಟಿಕೊಂಡು ಬಂತು. ಹನುಮಪ್ಪ ಸಿಟ್ಟಿನವನಲ್ಲ. ಮಕ್ಕಳು ದೊಡ್ಡವರಾಗುವ ಹೊತ್ತಿಗೆ ತನ್ನ ಎಳ್ಳನ್ನು ತಾನೇ ತಿರುಗಿ ತಗೊಳ್ಳುತ್ತಾನೆ. ಹೀಗಂತ ನಮ್ಮ ಮನೆಯ ನಂಬಿಕೆ.

ಅದಕ್ಕೇ ನಮ್ಮಲ್ಲಿ ಎಳ್ಳಿದ್ದ ಮಕ್ಕಳಿಗೆ ಶನಿವಾರ ಶನಿವಾರ ಹನುಮಪ್ಪನಿಗೆ ತೋರಿಸಿದ ಬೆಣ್ಣೆಯನ್ನು ತುಟಿಗೆ ಹಚ್ಚುವುದು. ಹಚ್ಚುವಾಗ ಒಂದು ಮಾತು ಹೇಳಬೇಕು: "ನಿನ್ನ ಎಳ್ಳು ನಿನಗೆ, ನಮ್ಮ ಕೂಸು ನಮಗೆ." ಹದಿನೆಂಟೋ ಇಪ್ಪತ್ತೋ ಆಗುವಾಗ ಚುಕ್ಕೆಗಳು ಮಸುಕಾಗಿ ಹೋಗುತ್ತವೆ. ಆಗ ಚಿಗಳಿ ಮಾಡಿ ಹರಕೆ ತೀರಿಸುತ್ತಾರೆ. "ಹುಡುಗಿಯ ಎಳ್ಳು ಹೋಯಿತು" ಎಂದರೆ ಇನ್ನು ಗಂಡು ನೋಡಬಹುದು ಎಂದು ಅರ್ಥ. ನನ್ನ ಎಳ್ಳು ಹೀಗೇ ಹೋಯಿತು, ಚಿಗಳಿ ಆಯಿತು, ಮದುವೆ ಆಯಿತು. ಗಂಡನ ಹಿಂದೆ ಈ ಪರದೇಶಕ್ಕೆ ಬಂದೆ.

ನಮ್ಮ ಅಪ್ಪ ಐವತ್ತು ದಾಟುವುದರೊಳಗೆ ಹೊಟ್ಟೆಯ ಬೇನೆಯಲ್ಲಿ ಹೋದರು. ಅಪ್ಪನ ತಂಗಿ, ನಮ್ಮ ಸೋದರತ್ತೆ, ಎದೆಯಲ್ಲಿ ಗಂಟಾಗಿ ಹೋದರು. ದೊಡ್ಡಪ್ಪನದೂ ಹೊಟ್ಟೆಯೇ. "ನಮ್ಮ ಮನಿತನದ ಹೊಟ್ಟಿ ಸೂಕ್ಷ್ಮ" ಎಂದು ಅವ್ವ ಹೇಳುತ್ತಿದ್ದಳು. ಎಳ್ಳಿನ ಮಾತು ಬೇರೆ, ಹೊಟ್ಟೆಯ ಮಾತು ಬೇರೆ. ಎರಡನ್ನೂ ಒಂದೇ ಕಡೆ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಹೊಟ್ಟೆಬೇನೆ ಬರುವ ಹೊತ್ತಿಗೆ ಎಲ್ಲರ ಎಳ್ಳೂ ಹೋಗಿ ಎಷ್ಟೋ ವರ್ಷ ಆಗಿರುತ್ತಿತ್ತು.

ಅನಘಾ ಸನ್ನಿವೇಲಿನಲ್ಲೇ ಹುಟ್ಟಿದವಳು. ಅವಳಿಗೆ ಎಳ್ಳು ಮೂಡಿದಾಗ ನಾನು ಗದಗಿನಿಂದ ತಂದಿದ್ದ ಬೆಳ್ಳಿಯ ಹನುಮಪ್ಪನ ಮುಂದೆ ಬೆಣ್ಣೆ ಇಡಲು ಶುರು ಮಾಡಿದೆ. ಮೊದಲ ಶನಿವಾರ ಇವರು, ಅಂದರೆ ನಮ್ಮ ಮನೆಯವರು, ಅಂಗಡಿಯಿಂದ ಬೆಣ್ಣೆ ತಂದುಕೊಟ್ಟರು. ತುಟಿಗೆ ಹಚ್ಚಿದ ಕೂಡಲೇ ಕೂಸು ಮುಖ ಹಿಂಡಿತು. ನಾನು ರುಚಿ ನೋಡಿದರೆ ಉಪ್ಪು.

"ಇಲ್ಲಿ ಬೆಣ್ಣೆಗೂ ಉಪ್ಪು ಹಾಕ್ತಾರೆ ಕಣೆ, ನಂಗೇನು ಗೊತ್ತು. ನಿಮ್ಮ ಹನುಮಪ್ಪಂಗೆ ಇವತ್ತು ಬಿ.ಪಿ. ಏರುತ್ತೆ," ಅಂದರು. ಇವರು ಬೆಂಗಳೂರಿನವರು, ದೇವರ ಹತ್ತಿರವೂ ತಮಾಷೆ. ಅಂದಿನಿಂದ ನಾನು ಮನೆಯಲ್ಲೇ ಬೆಣ್ಣೆ ಕಡೆಯುತ್ತೇನೆ.

ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ವೈಟುಕೆ ಗದ್ದಲ ಮುಗಿದು, ಇವರು ಹಳೆಯ ಆಫೀಸು ಬಿಟ್ಟು ಹೊಸ ಸ್ಟಾರ್ಟಪ್ ಸೇರಿದ ಮೇಲಿನ ಮಾತು. ಅನಘಾ ಹೈಸ್ಕೂಲಿಗೆ ಸೇರಿದ್ದಳು. ಒಂದು ದಿನ ಮಧ್ಯಾಹ್ನ ಬಂದವಳೇ ಬಾತ್‌ರೂಮಿಗೆ ಹೋಗಿ ತುಟಿ ಉಜ್ಜಿಕೊಂಡಳು, ರಕ್ತ ಬರುವ ಹಾಗೆ. ಊಟದ ಹೊತ್ತಿನಲ್ಲಿ ಹೊಸ ಹುಡುಗಿಯೊಬ್ಬಳು ಇವಳಿಗೆ ಕಾಗದದ ಕರವಸ್ತ್ರ ಕೊಟ್ಟು, ಬಾಯಿಗೆ ಚಾಕೊಲೇಟ್ ಮೆತ್ತಿದೆ ಒರೆಸಿಕೋ ಎಂದಳಂತೆ. ಆ ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದಕ್ಕೇ ಇವಳಿಗೆ ಹೆಚ್ಚು ನೋವಾಗಿತ್ತು.

ಮರುದಿನದಿಂದ ಕಂದು ಬಣ್ಣದ ಲಿಪ್‌ಸ್ಟಿಕ್ ಹಚ್ಚಿಕೊಂಡು ಹೋಗತೊಡಗಿದಳು. ಇವರು ನೋಡಿ, "ಏನಮ್ಮಾ, ಕಾಫಿ ಕುಡಿದು ಬಾಯಿ ತೊಳೀಲಿಲ್ವಾ?" ಅಂದರು. ಅವಳು ನಗಲಿಲ್ಲ. ಇವರೂ ಆಮೇಲೆ ಅಂಥ ಮಾತು ಆಡಲಿಲ್ಲ.

ಆ ಶ್ರಾವಣದಲ್ಲಿ ನಾನು ಹನುಮಪ್ಪನಿಗೆ ಬೇಡಿಕೊಂಡೆ. ಇಪ್ಪತ್ತರವರೆಗೆ ಕಾಯಿಸಬೇಡಪ್ಪಾ, ಈ ಊರಿನಲ್ಲಿ ಮಕ್ಕಳಿಗೆ ಅಷ್ಟು ದಿನ ತಡೆಯುವುದು ಕಷ್ಟ, ಈ ವರ್ಷವೇ ಅವಳ ಎಳ್ಳು ತಗೋ ಎಂದು. ಶನಿವಾರ ಉಪವಾಸ ಹಿಡಿದೆ. ಶ್ರಾವಣ ಮುಗಿಯಿತು, ದೀಪಾವಳಿ ಮುಗಿಯಿತು, ಅವಳ ತುಟಿಯ ಒಂದು ಚುಕ್ಕೆಯೂ ಕದಲಲಿಲ್ಲ. ಇತ್ತ ನನಗೆ ಸುಸ್ತು ಶುರುವಾಯಿತು. ಉಂಡ ಮೇಲೆ ಹೊಟ್ಟೆ ಹಿಂಡಿದ ಹಾಗೆ ಆಗಿ, ಸ್ವಲ್ಪ ಹೊತ್ತಿಗೆ ತಾನೇ ಸಡಿಲವಾಗುತ್ತಿತ್ತು. ರಕ್ತ ಕಡಿಮೆ ಇದೆ ಎಂದು ಕ್ಲಿನಿಕ್ಕಿನಲ್ಲಿ ಮಾತ್ರೆ ಕೊಟ್ಟರು. ಉಪವಾಸದ ಸುಸ್ತು, ನಡು ವಯಸ್ಸಿನ ಹೆಂಗಸರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡೆ. ಹೊಟ್ಟೆ ಹಿಂಡುವ ಮಾತನ್ನು ಕ್ಲಿನಿಕ್ಕಿನಲ್ಲಿ ಎತ್ತಲೇ ಇಲ್ಲ. ನಮ್ಮ ಮನೆತನದ ಹೊಟ್ಟೆ ಸೂಕ್ಷ್ಮ, ಅದೇನು ಹೇಳುವಂಥದ್ದು?

ಚಳಿಗಾಲದಲ್ಲಿ ಅನಘಾಳ ಹಲ್ಲಿಗೆ ತಂತಿ ಹಾಕಿಸಬೇಕಾಯಿತು. ನನಗೆ ಫ್ರೀವೇಯಲ್ಲಿ ಕಾರು ಓಡಿಸಲು ಭಯ, ಇವರಿಗೆ ಆಫೀಸು ಬಿಟ್ಟು ಬರುವ ಹಾಗಿಲ್ಲ. ನಾವಿಬ್ಬರೂ ಎಲ್ ಕಮೀನೋ ರಸ್ತೆಯ ಬಸ್ಸು ಹಿಡಿದು ಹೋದೆವು. ಡೆಂಟಿಸ್ಟಮ್ಮ ನನ್ನದೇ ವಯಸ್ಸಿನವರು. ಕುರ್ಚಿಯಲ್ಲಿ ಕೂತ ಮಗಳಿಗೆ ಲಿಪ್‌ಸ್ಟಿಕ್ ಒರೆಸಿಕೊಳ್ಳಲು ಹೇಳಿದರು. ಹಲ್ಲು ನೋಡಲು ಹೊರಟವರು ತುಟಿಯನ್ನೇ ನೋಡುತ್ತ ನಿಂತರು. ಕೆನ್ನೆಯ ಒಳಗೆ ಕನ್ನಡಿ ತೋರಿಸಿ ನೋಡಿದರು. ಕೈ ಬೆರಳು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಮನೆಯಲ್ಲಿ ಇನ್ನು ಯಾರಿಗಾದರೂ ಹೀಗಿದೆಯೇ ಎಂದರು.

"ನನಗೂ ಇತ್ತು. ಹೋಯಿತು," ಅಂದೆ. ಸ್ವಲ್ಪ ಹೆಮ್ಮೆಯಿಂದಲೇ ಅಂದೆ.

"ನಿಮ್ಮ ಬಾಯಿಯನ್ನೂ ಒಂದು ಸಲ ನೋಡಲೇ?" ಅಂದರು.

ಮಗಳನ್ನು ಎಬ್ಬಿಸಿ ನನ್ನನ್ನು ಕೂರಿಸಿದರು. ದೀಪ ಹತ್ತಿರ ಎಳೆದು, ಕೆನ್ನೆಯನ್ನು ಬೆರಳಿನಿಂದ ಅಗಲಿಸಿ, ನನ್ನ ಕೈಗೊಂದು ಕನ್ನಡಿ ಕೊಟ್ಟರು. ಕೆನ್ನೆಯ ಒಳಗೆ, ನಾನು ಎಂದೂ ನೋಡಿಕೊಳ್ಳದ ಜಾಗದಲ್ಲಿ, ಎಳ್ಳು ಹಾಗೇ ಇತ್ತು. ಒಂದೆರಡಲ್ಲ. ಯಾರೋ ಮುಷ್ಟಿ ತುಂಬ ಚೆಲ್ಲಿದ ಹಾಗೆ.

ಅನಘಾ ಬಗ್ಗಿ ನೋಡಿ, "ಅಮ್ಮಾ, ಯು ಸ್ಟಿಲ್ ಹ್ಯಾವ್ ದೆಮ್," ಅಂದಳು. ಅವಳ ದನಿಯಲ್ಲಿ ಒಂದು ಥರ ಸಂತೋಷವಿತ್ತು, ತಾನೊಬ್ಬಳೇ ಅಲ್ಲ ಅಂತ. ನನಗೆ ಬಾಯಿ ಮುಚ್ಚಲೂ ಆಗಲಿಲ್ಲ.

ಡೆಂಟಿಸ್ಟಮ್ಮ ಹೆದರಿಸಲಿಲ್ಲ. ಇದು ಹಲ್ಲಿನ ವಿಷಯವಲ್ಲ, ಇಬ್ಬರೂ ದೊಡ್ಡ ಆಸ್ಪತ್ರೆಗೆ ಹೋಗಿ ಕರುಳಿನ ಡಾಕ್ಟರಿಗೆ ತೋರಿಸಲೇಬೇಕು, ತಂತಿ ಆಮೇಲೆ ನೋಡೋಣ ಎಂದರು. ನಮ್ಮೆದುರೇ ಫೋನು ಮಾಡಿ ಅಪಾಯಿಂಟ್‌ಮೆಂಟು ತೆಗೆದುಕೊಟ್ಟರು.

ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಮ್ಮ ಎದುರು ಬಾಗಿಲಿನ ಶಹೀನಾ. ಬೆಂಗಳೂರಿನ ಶಿವಾಜಿನಗರದವಳು, ನನಗಿಂತ ಎರಡು ಮೂರು ವರ್ಷ ಚಿಕ್ಕವಳು, ಕಾರನ್ನು ಆಟೋ ಓಡಿಸಿದ ಹಾಗೆ ಓಡಿಸುತ್ತಾಳೆ. ದಾರಿಯುದ್ದಕ್ಕೂ ನಾನು ಸೀಟು ಹಿಡಿದು ಕೂತಿದ್ದನ್ನು ನೋಡಿ, "ಅಕ್ಕಾ, ಆಸ್ಪತ್ರೆಗೆ ತಾನೇ ಹೋಗ್ತಾ ಇರೋದು, ಏನಾದ್ರೂ ಆದ್ರೆ ಅಲ್ಲೇ ಇಳಿಸ್ತೀನಿ ಬಿಡಿ," ಅಂದಳು.

ಅಲ್ಲಿನ ಡಾಕ್ಟರು ನರೆಗೂದಲಿನ ಒಬ್ಬ ಹೆಂಗಸು. ಎತ್ತರ, ತೂಕ ನೋಡಿದರು. ತುಟಿ, ಬೆರಳು, ಕೆನ್ನೆ ನೋಡಿದರು. ಅಪ್ಪ ಏನಾಗಿ ಹೋದರು, ಅತ್ತೆ ಏನಾಗಿ ಹೋದರು, ಅವರ ತುಟಿ ಹೇಗಿತ್ತು ಎಂದು ಕೇಳಿದರು. ನಾನು ಒಬ್ಬೊಬ್ಬರದೇ ಹೇಳುತ್ತ ಹೋದೆ. ಅಪ್ಪನಿಗೆ ಎಳ್ಳಿತ್ತು, ಅಪ್ಪನದು ಹೊಟ್ಟೆ. ದೊಡ್ಡಪ್ಪನಿಗೆ ಎಳ್ಳಿತ್ತು, ಅವರದೂ ಹೊಟ್ಟೆ. ಸೋದರತ್ತೆಗೆ ಎಳ್ಳಿತ್ತು. ಸಣ್ಣ ಕಾಕಾಗೆ ಎಳ್ಳಿರಲಿಲ್ಲ, ಅವರು ಈಗಲೂ ಗದಗಿನ ಪೇಟೆಯಲ್ಲಿ ಸೈಕಲ್ಲು ತುಳಿಯುತ್ತಾರೆ. ಹೇಳುತ್ತ ಹೇಳುತ್ತ ನನಗೇ ಕೇಳಿಸಿತು. ಅಷ್ಟು ವರ್ಷ ಬಾಯಿಯಲ್ಲಿದ್ದ ಮಾತು ಅವತ್ತು ಕಿವಿಗೆ ಬಿತ್ತು.

ಡಾಕ್ಟರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಈ ಚುಕ್ಕೆಗಳು ಕ್ಯಾನ್ಸರ್ ಅಲ್ಲ, ಮುಂದೆ ಆಗುವುದೂ ಇಲ್ಲ. ತಂದೆ ತಾಯಿಯಿಂದ ಮಕ್ಕಳಿಗೆ ಬರುವ ಒಂದು ದೋಷದ ಹೊರಗಿನ ಗುರುತು ಅವು. ಆ ದೋಷ ಇದ್ದವರ ಕರುಳಿನಲ್ಲಿ ಗಂಟುಗಳು ಬೆಳೆಯುತ್ತವೆ. ಅವು ಕರುಳನ್ನು ಮಡಚಿ ಎಳೆಯಬಹುದು, ರಕ್ತ ಸೋರಬಹುದು. ಹೊಟ್ಟೆಯಲ್ಲೋ ಎದೆಯಲ್ಲೋ ಇನ್ನೆಲ್ಲೋ ಕ್ಯಾನ್ಸರ್ ಆಗುವ ಭಯ ಅಂಥವರಿಗೆ ಉಳಿದವರಿಗಿಂತ ಹೆಚ್ಚು. ಮಕ್ಕಳಲ್ಲಿ ಅರ್ಧ ಜನಕ್ಕೆ ಬರುವ ಸಂಭವವಿದೆ. ಇದರ ಮೂಲ ಯಾವ ಜೀನು ಎಂಬುದು ಇತ್ತೀಚೆಗಷ್ಟೇ ಗೊತ್ತಾಗಿದೆಯಂತೆ, ರಕ್ತ ಕೊಟ್ಟರೆ ನೋಡುತ್ತಾರೆ.

"ತುಟಿಯ ಮೇಲಿನದು ಹೋದರೆ ಒಳಗಿನದೂ ಹೋದ ಹಾಗಲ್ಲವೇ?" ಎಂದು ಕೇಳಿದೆ.

"ಅಲ್ಲ. ದೊಡ್ಡವರಾದ ಮೇಲೆ ತುಟಿಯದು ಮಸುಕಾಗುತ್ತದೆ, ಬಹಳ ಜನಕ್ಕೆ ಹಾಗೇ. ಆದರೆ ಒಳಗಿನ ಭಯ ವಯಸ್ಸಾದಷ್ಟೂ ಹೆಚ್ಚು. ಚುಕ್ಕೆ ಎಷ್ಟಿದೆ ಅನ್ನುವುದರ ಮೇಲೂ ಏನೂ ಹೇಳಲಾಗುವುದಿಲ್ಲ," ಎಂದರು.

ಬಿಳಿಯ ಔಷಧ ಕುಡಿಸಿ ಎಕ್ಸ್‌ರೇ ತೆಗೆದರು. ರಂಗೋಲಿ ಪುಡಿ ಕದಡಿದ ಮಜ್ಜಿಗೆಯ ಹಾಗಿತ್ತು. ಕೊಳವೆ ಹಾಕಿಯೂ ನೋಡಿದರು. ಸಣ್ಣ ಕರುಳಿನಲ್ಲಿ ನಿಂಬೆಹಣ್ಣಿಗಿಂತ ದೊಡ್ಡದೊಂದು ಗಂಟು, ಅದು ಕರುಳನ್ನು ತನ್ನೊಳಗೇ ಎಳೆದುಕೊಳ್ಳುತ್ತಿತ್ತು. ಹೊಟ್ಟೆ ಹಿಂಡುತ್ತಿದ್ದದ್ದು ಅದಕ್ಕೇ, ರಕ್ತ ಹೋಗುತ್ತಿದ್ದದ್ದೂ ಅಲ್ಲಿಂದಲೇ. ತೆಗೆಯಲೇಬೇಕು. ಕ್ಯಾನ್ಸರ್ ಹೌದೋ ಅಲ್ಲವೋ ತೆಗೆದು ಪರೀಕ್ಷಿಸಿದ ಮೇಲೆಯೇ ಹೇಳಲು ಸಾಧ್ಯ.

ಆಪರೇಷನ್ನಿಗೆ ಮೊದಲಿನ ಆ ಎರಡು ವಾರ ನಾನು ಏನಾಗಿದ್ದೆ ಎಂದು ಹೇಳುವುದು ಕಷ್ಟ. ಸಾಯುವ ಭಯ ಇತ್ತು, ಇಲ್ಲ ಎನ್ನುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಹನುಮಪ್ಪನ ಮುಂದೆ ಕೂರಲು ಆಗುತ್ತಿರಲಿಲ್ಲ. ನಮ್ಮ ಅಜ್ಜಿ, ಮುತ್ತಜ್ಜಿ, ಅವ್ವ, ಎಲ್ಲರೂ ಶನಿವಾರ ಶನಿವಾರ ಬೆಣ್ಣೆ ಹಚ್ಚಿದ್ದು ಯಾವುದಕ್ಕೆ? ಹೋಯಿತು ಎಂದು ಚಿಗಳಿ ಹಂಚಿದ್ದು ಯಾವುದಕ್ಕೆ? ಹರಕೆ ತೀರಿಸಿ ನಿಶ್ಚಿಂತೆಯಿಂದ ಇದ್ದ ಅಪ್ಪ ಯಾಕೆ ಹೋದರು? ನಾನು ಬೇಡಿದ್ದನ್ನು ಅವನು ಕೊಡಲಿಲ್ಲ, ಕೊಟ್ಟ ಎಂದು ನಾವು ನಂಬಿದ್ದನ್ನೂ ಕೊಟ್ಟಿರಲಿಲ್ಲ. ಒಂದು ಶನಿವಾರ ಬೆಣ್ಣೆ ಕಡೆಯಲಿಲ್ಲ. ದೀಪವನ್ನೂ ಹಚ್ಚಲಿಲ್ಲ.

ಅವತ್ತೇ ಬೆಳಿಗ್ಗೆ ಶಹೀನಾ ತಟ್ಟೆಯಲ್ಲಿ ಇಡ್ಲಿ ತಂದಳು. ದೇವರ ಮೂಲೆ ಕತ್ತಲಾಗಿದ್ದು ಅವಳ ಕಣ್ಣಿಗೆ ಬಿತ್ತು.

"ಏನಕ್ಕಾ, ಇವತ್ತು ಶನಿವಾರ ಅಲ್ವಾ? ನಿಮ್ಮ ಗಂಟೆ ಕೇಳ್ಲೇ ಇಲ್ಲ, ನಂಗೆ ಗಡಿಯಾರಾನೇ ನಿಂತು ಹೋದಂಗೆ ಆಯ್ತು."

"ನನಗೆ ಅವನ ಮೇಲೆ ಸಿಟ್ಟು ಬಂದದ ಶಹೀನಾ."

"ಬರ್ಲಿ ಬಿಡಿ. ಸಿಟ್ಟು ಬಂದ್ರೆ ಏನ್ ಮಾಡ್ತೀರಾ, ಮಾತು ಬಿಡ್ತೀರಾ? ನಮ್ಮ ಯಜಮಾನ್ರ ಮೇಲೆ ನಂಗೆ ದಿನಾ ಸಿಟ್ಟು ಬರುತ್ತೆ. ಹಂಗಂತ ಒಂದಿನ ಟೀ ಕೊಡ್ದೇ ಇದ್ದೀನಾ? ಟೀ ಕೊಟ್ಟು ಬೈತೀನಿ." ತಟ್ಟೆ ಇಟ್ಟು, "ನಾನಂತೂ ದುವಾ ಮಾಡೇ ಮಾಡ್ತೀನಿ. ನೀವು ನಿಮ್ಮ ಕಡೆಯಿಂದ ಬೈದಾದ್ರೂ ಬೈಯಿರಿ. ಸುಮ್ನೆ ಮಾತ್ರ ಇರ್ಬೇಡಿ," ಅಂದಳು.

ಅವಳು ಹೋದ ಮೇಲೆ ದೀಪ ಹಚ್ಚಿದೆ. ಬೈಯಲು ಬಾಯಿ ಬರಲಿಲ್ಲ. ಬೆಣ್ಣೆ ಇರಲಿಲ್ಲ, ಒಂದು ಇಡ್ಲಿಯನ್ನೇ ಅವನ ಮುಂದೆ ಇಟ್ಟೆ.

ಆಪರೇಷನ್ನಿನ ದಿನ ಇವರು ರಜೆ ಹಾಕಿದರು. ಒಳಗೆ ಕರೆದುಕೊಂಡು ಹೋಗುವ ಮುಂಚೆ ಅನಘಾ ಮಂಚದ ಹತ್ತಿರ ಬಂದಳು. ಲಿಪ್‌ಸ್ಟಿಕ್ ಹಚ್ಚಿರಲಿಲ್ಲ. ಶಹೀನಾಳ ಮನೆಯಿಂದ ಒಂದು ಚೂರು ಬೆಣ್ಣೆ ಕಾಗದದಲ್ಲಿ ಸುತ್ತಿಕೊಂಡು ತಂದಿದ್ದಳು. ನನ್ನ ಬಾಯಿಗೆ ಏನೂ ಹಾಕುವ ಹಾಗಿರಲಿಲ್ಲ. ಅದಕ್ಕೆ ಬೆಣ್ಣೆಯನ್ನು ನನ್ನ ಬೆರಳಿಗೆ ಹಚ್ಚಿ, ತನ್ನ ಒಡಕು ಕನ್ನಡದಲ್ಲಿ, "ನಿನ್ನ ಎಳ್ಳು ನಿನಗೆ, ನಮ್ಮ ಅಮ್ಮ ನಮಗೆ," ಅಂದಳು. ನರ್ಸಮ್ಮ ಬಂದು ಬೆರಳು ಒರೆಸಬೇಕು ಎಂದರು. ಒರೆಸಿದರು. ನಾನು ಕಣ್ಣು ಮುಚ್ಚಿಕೊಂಡೆ.

ಗಂಟನ್ನೂ ಒಂದಿಷ್ಟು ಕರುಳನ್ನೂ ತೆಗೆದರು. ಪರೀಕ್ಷೆಯ ಫಲ ಬರಲು ಒಂದು ವಾರ ಎಂದರು. ನಡುವಿನಲ್ಲಿ ಅವ್ವನಿಗೆ ಫೋನು ಮಾಡಿದೆ. ಅಲ್ಲಿಯವರೆಗೆ ಅವಳಿಗೆ ಹೊಟ್ಟೆಯ ಆಪರೇಷನ್ನು ಎಂದಷ್ಟೇ ಗೊತ್ತಿತ್ತು. ಅವತ್ತು ನಾನು ಎಲ್ಲವನ್ನೂ ಹೇಳಿದೆ: ಕೆನ್ನೆಯೊಳಗಿನ ಎಳ್ಳು, ಅಪ್ಪನ ಹೊಟ್ಟೆ, ಡಾಕ್ಟರ ಮಾತು. ಕಾರ್ಡಿನ ನಿಮಿಷ ಹೋಗುತ್ತಿತ್ತು.

"ಅವ್ವಾ, ಕೇಳಸ್ತದೇನು?"

"ಕೇಳಸ್ತದ. ನಿನ್ನ ತುಟೀದು ಹೋತು ಅಂತ ನಾ ಓಣಿ ತುಂಬ ಚಿಗಳಿ ಬೀರಿದ್ದೆ. ನಿಮ್ಮಪ್ಪನೂ ಎರಡು ಉಂಡಿ ತಿಂದಿದ್ರು," ಅಂದಳು.

"ನಾ ಮಗಳದೂ ಹೋಗ್ಲಿ ಅಂತ ಶ್ರಾವಣದಾಗ ಬೇಡಿಕೊಂಡಿದ್ದೆ ಅವ್ವಾ. ಹನುಮಪ್ಪ ಕೇಳಲೇ ಇಲ್ಲ."

"ಕೇಳ್ಯಾನ ಬಿಡು. ಆಕೀ ಎಳ್ಳು ಹೋಗಿದ್ರ ಆ ಹಲ್ಲಿನ ಡಾಕ್ಟರ್ತಿ ನಿನ್ನ ಬಾಯಿ ಯಾಕ ತಗಸ್ತಿದ್ಲು? ನಾವು ಅವಗ ಎರಡು ಮಾತು ಹೇಳತೀವಿ, ಎಳ್ಳು ನಿನಗ, ಕೂಸು ನಮಗ ಅಂತ. ಅಂವಾ ಎಳ್ಳು ನನಗೇನು ಮಾಡೋದದ ಅಂತ ನಿಮ್ಮ ಬಾಯಾಗ ಬಿಟ್ಟಾನ. ಕೂಸಿನ ಮಾತು ಅಷ್ಟ ಹಿಡದಾನ."

ನನಗೆ ಹೊಟ್ಟೆಯ ಹೊಲಿಗೆ ನೋಯುವ ಹಾಗೆ ಅಳು ಬಂತು. ಇಷ್ಟು ವರ್ಷ ನಾನು ಆ ಮಾತಿನ ಮೊದಲ ಅರ್ಧವನ್ನೇ ಬೇಡುತ್ತ ಬಂದಿದ್ದೆ. ಎರಡನೆಯ ಅರ್ಧ ಬಾಯಿಗೆ ರೂಢಿಯಾಗಿ ಬರುತ್ತಿತ್ತು, ಅಷ್ಟೆ. ನನ್ನ ಅವ್ವನಿಗೆ ನಾನೂ ಕೂಸೇ ಅನ್ನುವುದು ಅವತ್ತು ನೆನಪಾಯಿತು.

ಶುಕ್ರವಾರ ಮಧ್ಯಾಹ್ನ ಡಾಕ್ಟರೇ ಫೋನು ಮಾಡಿದರು. ಗಂಟು ಕ್ಯಾನ್ಸರ್ ಆಗಿರಲಿಲ್ಲ. ಒಂದು ಮೂಲೆಯಲ್ಲಿ ಕೆಡುವ ಲಕ್ಷಣ ಶುರುವಾಗಿತ್ತು, ಅದಷ್ಟೂ ಪೂರ್ತಿ ಹೊರಗೆ ಬಂದಿದೆ, ಕತ್ತರಿಸಿದ ಅಂಚು ಸ್ವಚ್ಛವಾಗಿದೆ ಎಂದರು. ಇನ್ನೂ ಕೆಲವು ವರ್ಷ ಬಿಟ್ಟಿದ್ದರೆ? ನಾನು ಕೇಳಿದೆ. ಅವರು, ಬಿಡಲಿಲ್ಲವಲ್ಲ, ಎಂದರು. ಫೋನಿಟ್ಟು ಇವರಿಗೆ ಹೇಳಿದೆ. ತಮಾಷೆಯ ಮನುಷ್ಯ, ಏನಾದರೂ ಅಂದಾರು ಎಂದುಕೊಂಡೆ. ಇವರು ಅಡಿಗೆಮನೆಗೆ ಹೋಗಿ, ಹನುಮಪ್ಪನ ಮುಂದೆ ಬಹಳ ಹೊತ್ತು ನಿಂತು ಬಂದರು. "ಉಪ್ಪಿನ ಬೆಣ್ಣೆಗೆ ಕ್ಷಮೆ ಕೇಳ್ದೆ," ಅಂದರು ಆಮೇಲೆ.

ಅನಘಾಳ ರಕ್ತದಲ್ಲೂ ಅದೇ ದೋಷ ಇದೆ ಎಂದು ಬಂತು. ಅದು ಅವಳ ತುಟಿ ನೋಡಿದವರಿಗೆ ಗೊತ್ತಿದ್ದದ್ದೇ. ಅವಳ ಹೊಟ್ಟೆಯನ್ನೂ ಕೊಳವೆಯಿಂದ ನೋಡಿದರು. ದ್ರಾಕ್ಷಿಯಂಥ ಸಣ್ಣ ಗಂಟುಗಳು, ಆಪರೇಷನ್ನಿಲ್ಲದೆ ಅಲ್ಲೇ ತೆಗೆದುಬಿಟ್ಟರು. ಇನ್ನು ಮೇಲೆ ಕರೆದಾಗಲೆಲ್ಲ ಹೋಗಿ ತೋರಿಸಬೇಕು, ನಾನೂ ಅವಳೂ, ಬದುಕಿರುವವರೆಗೆ. ನನಗೆ ಎದೆಯ ಪರೀಕ್ಷೆಯೂ ತಪ್ಪದೆ ಆಗಬೇಕು. ಭಯ ಹೋಗಿಲ್ಲ. ಆದರೆ ಅಪ್ಪನಿಗೆ ಕಾಣದೆ ಬಂದದ್ದು ನಮಗೆ ಕಾಣುವ ಹಾಗಿದೆ. ನೋಡಲು ಜನರಿದ್ದಾರೆ. ನಾನು ಚೇತರಿಸಿಕೊಂಡ ಕೆಲವೇ ತಿಂಗಳಿಗೆ ಇವರ ಸ್ಟಾರ್ಟಪ್ಪು ಮುಚ್ಚಿತು. ಬೇರೆ ಕೆಲಸ ಸಿಗುವವರೆಗೆ ಎಲ್ಲರ ಹಾಗೆ ನಾವೂ ಪರದಾಡಿದೆವು. ಆಫೀಸಿನವರು ಕೊಟ್ಟಿದ್ದ ಆಸ್ಪತ್ರೆಯ ವಿಮೆಯ ಕಾರ್ಡು ನಡೆಯುತ್ತಿದ್ದ ಕಾಲಕ್ಕೇ ಎಲ್ಲ ಮುಗಿದಿತ್ತು ಎಂಬುದನ್ನೂ ನಾನು ಹನುಮಪ್ಪನ ಲೆಕ್ಕಕ್ಕೇ ಹಾಕುತ್ತೇನೆ.

ಗದಗಿನಲ್ಲಿರುವ ತಮ್ಮನಿಗೆ ಹೇಳುವುದು ಸುಲಭವಾಗಲಿಲ್ಲ. ಅವನಿಗೂ ಅವನ ಮಗಳಿಗೂ ಎಳ್ಳು. ಮಗಳ ತುಟಿಯದು ಹೋಗಿ, ಗಂಡು ಗೊತ್ತಾಗುವುದರಲ್ಲಿತ್ತು. "ಅಕ್ಕಾ, ಈಗ ಇದನ್ನ ಎತ್ತಬ್ಯಾಡ, ಬೀಗರ ಕಿವೀಗೆ ಬಿದ್ರ ಏನಂದಾರು?" ಅಂದ. ನಾನು ಅವನಿಗೆ ಬುದ್ಧಿ ಹೇಳಲು ಹೋಗಲಿಲ್ಲ. "ಅಪ್ಪ ಎಷ್ಟು ನರಳಿದ್ರು ನೆನಪದ ಏನು ನಿನಗ?" ಅಂತ ಕೇಳಿದೆ. ಅವನು ಫೋನಿಟ್ಟ. ಆಮೇಲೆ ಅವ್ವನೇ ಮುಂದೆ ನಿಂತು ಬೀಗರಿಗೆ ಹೇಳಿದಳಂತೆ, "ನಮ್ಮ ಹುಡುಗಿ ಹೊಟ್ಟಿ ತೋರ್ಸಿ ಬರ್ತೀವಿ, ಆಮ್ಯಾಲೆ ಮಾತಾಡೋಣು," ಎಂದು. ಬೀಗರು ಸ್ವಲ್ಪ ಹಿಂದೆ ಮುಂದೆ ನೋಡಿದರು. ತಮ್ಮನೂ ಅವನ ಮಗಳೂ ಹುಬ್ಬಳ್ಳಿಗೆ ಹೋಗಿ ತೋರಿಸಿಕೊಂಡು ಬಂದಿದ್ದಾರೆ. ಹುಡುಗಿಯ ಹೊಟ್ಟೆಯಲ್ಲಿ ಸದ್ಯಕ್ಕೆ ಏನೂ ಇಲ್ಲ. ತಮ್ಮನಿಗೆ ಎರಡು ಗಂಟು ಸಿಕ್ಕವು, ತೆಗೆದಿದ್ದಾರೆ. ಇವತ್ತು ಬೆಳಿಗ್ಗೆ ಅವ್ವ ಫೋನಿನಲ್ಲಿ ಹೇಳಿದ್ದು ಇದನ್ನೇ, ಬೀಗರು ಒಪ್ಪಿದರು ಅನ್ನುವುದನ್ನೂ. ಅದಕ್ಕೇ ಇವತ್ತು ಚಿಗಳಿ ಕುಟ್ಟಿದೆ. ನಮ್ಮ ಮನೆತನದಲ್ಲಿ ಎಳ್ಳು ಹೋಗದೆ ಚಿಗಳಿ ಮಾಡಿದ್ದು ಇದೇ ಮೊದಲು.

ಓದುವ ಭಕ್ತರಲ್ಲಿ ಒಂದು ಮಾತು. ನಮ್ಮ ಹಿರಿಯರು ಬೆಣ್ಣೆ ಹಚ್ಚಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ, ಅವರಿಗೆ ಕಂಡಷ್ಟನ್ನು ಅವರು ದೇವರ ಮುಂದೆ ಇಟ್ಟರು. ನಿಮ್ಮ ಮನೆಯ ಮಕ್ಕಳ ಮೈಮೇಲೆ ಏನಾದರೂ ಗುರುತಿದ್ದು, ಅದಕ್ಕೊಂದು ಕಥೆ ಇದ್ದರೆ, ಕಥೆಯನ್ನು ಬಿಡಬೇಡಿ, ಡಾಕ್ಟರಿಗೂ ಒಮ್ಮೆ ಹೇಳಿ. ಬೇಡಿದ್ದು ಸಿಗದಾಗ ಅವನು ಕಿವುಡ ಎಂದುಕೊಳ್ಳಬೇಡಿ. ನಾನು ಎರಡು ವಾರ ಹಾಗೆ ಅಂದುಕೊಂಡಿದ್ದೆ. ಅದೇ ಎರಡು ವಾರದಲ್ಲಿ ಅವನು ನನ್ನ ಕೆಲಸದ ಮೇಲೆಯೇ ಇದ್ದ.

ಸಂಜೆ ಪೂಜೆಯಾದ ಮೇಲೆ ಅನಘಾ ತಾನೇ ಬಂದು ಮುಖ ಒಡ್ಡಿದಳು. ಕಂದು ಲಿಪ್‌ಸ್ಟಿಕ್ ಈಗ ಯಾವ ಡ್ರಾಯರಿನಲ್ಲಿದೆಯೋ ನನಗೆ ತಿಳಿಯದು. ಶಾಲೆಯಲ್ಲಿ ಯಾರಾದರೂ ಕೇಳಿದರೆ, ಇದು ನಮ್ಮ ಅಮ್ಮನನ್ನು ಉಳಿಸಿದ್ದು ಎಂದು ಇಂಗ್ಲಿಷಿನಲ್ಲಿ ಉದ್ದದ ಕಥೆ ಹೇಳುತ್ತಾಳಂತೆ, ಕೇಳಿದವರು ಬೇಸತ್ತು ಎದ್ದು ಹೋಗುವವರೆಗೆ. ಬೆಣ್ಣೆ ಹಚ್ಚುವಾಗ ನಾನು ಅರ್ಧ ಮಾತಷ್ಟೇ ಹೇಳಿದೆ: "ನಮ್ಮ ಕೂಸು ನಮಗೆ."

"ಫಸ್ಟ್ ಹಾಫ್ ಎಲ್ಲಿ?" ಅಂದಳು.

"ಅದು ಬೇಕಿಲ್ಲ ಈಗ," ಅಂದೆ.

ರಾತ್ರಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರನ್ನ ಉಂಡೆವು. ಶಹೀನಾಳ ಮನೆಗೆ ಚಿಗಳಿ ಕೊಟ್ಟು ಬಂದೆ, ಅವಳು ಅದೇ ಡಬ್ಬಿಗೆ ಖರ್ಜೂರ ತುಂಬಿ ಕಳಿಸಿದಳು. ಇವರು ನಾಲ್ಕು ಉಂಡೆ ತಿಂದು, ಐದನೆಯದಕ್ಕೆ ಕೈ ಹಾಕಿ ನನ್ನ ಮುಖ ನೋಡಿದರು. ನಾನೂ ಎರಡು ತಿಂದೆ, ಹೊಟ್ಟೆ ಹಿಂಡಲಿಲ್ಲ. ಅನಘಾ ಮೊದಲು ಮಲಗಿದಳು, ಸೋಫಾದ ಮೇಲೆ, ಪುಸ್ತಕ ಎದೆಯ ಮೇಲಿಟ್ಟುಕೊಂಡೇ. ಹೊದಿಸಲು ಹೋದಾಗ ಬೆಣ್ಣೆಯಿಂದ ಹೊಳೆಯುವ ತುಟಿಯ ಅಂಚಿನಲ್ಲಿ ಒಂದು ಕರಿ ಕಾಳು ಕಂಡಿತು. ಚಿಗಳಿಯದೋ ಅವಳದೋ ಎಂದು ಒರೆಸಿ ನೋಡಲಿಲ್ಲ.